260 ಮೈಲಿಗೆ 13 ಗಂಟೆ: ಅಪ್ಪ ಅಮ್ಮನೊಂದಿಗೆ ಆರ್‌ವಿಯಲ್ಲಿ ಒಂದು ದಿನ

ನಿನ್ನೆ ಸಂಜೆ ಬಾಡಿಗೆಯ ಆರ್‌ವಿಯ ಕೀಲಿ ಒಪ್ಪಿಸಿ ಮನೆಗೆ ಬಂದೆವು. ಭುಜದ ನೋವು ಇನ್ನೂ ಇಳಿದಿಲ್ಲ. ಊರಿನಿಂದ ಬಂದ ಹಿರಿಯರನ್ನು ಕರೆದುಕೊಂಡು ಅಮೆರಿಕದ ಕೊಲರಾಡೊ ರಾಜ್ಯದ ಬೆಟ್ಟಗಳನ್ನು ದಾಟಲು ಯೋಚಿಸುತ್ತಿರುವವರು ನಮ್ಮವರಲ್ಲಿ ಅನೇಕರಿದ್ದಾರೆ. ಮೊದಲ ದಿನದ ಹೆದ್ದಾರಿ ಪ್ರಯಾಣದ ಬಗ್ಗೆ ನನಗೆ ಯಾರೂ ಹೇಳದಿದ್ದುದನ್ನು ನೆನಪು ಹಸಿಯಾಗಿರುವಾಗಲೇ ಬರೆದಿಡುತ್ತಿದ್ದೇನೆ.

ಆರ್‌ವಿ ಎಂದರೆ ಒಳಗೇ ಹಾಸಿಗೆ, ಒಲೆ, ಫ್ರಿಜ್, ಶೌಚಾಲಯ ಇರುವ ವಾಹನ. ನಾವು ಅದನ್ನು ಆರಿಸಿಕೊಂಡದ್ದು ಅಮ್ಮನಿಗಾಗಿ. ಹಿಂದಿನ ಸಲ ಬಂದಾಗ ಕಾರಿನಲ್ಲಿ ದೂರ ಹೋಗಿದ್ದೆವು. ದಾರಿಯಲ್ಲಿ ಶೌಚಾಲಯ ಸಿಗುತ್ತದೋ ಇಲ್ಲವೋ ಎಂಬ ಭಯಕ್ಕೆ ಅಮ್ಮ ಬೆಳಗಿನಿಂದ ನೀರನ್ನೇ ಕುಡಿದಿರಲಿಲ್ಲ. ಅದು ನನಗೆ ಗೊತ್ತಾದದ್ದು ರಾತ್ರಿ ಅವರಿಗೆ ತಲೆ ಸುತ್ತು ಬಂದ ಮೇಲೆ. ಈ ಸಲ ಹಾಗಾಗಬಾರದು ಎಂದುಕೊಂಡೆ.

ಡೆನ್ವರ್ ಪಕ್ಕದ ಅರೋರಾದಲ್ಲಿ ನಮ್ಮ ಮನೆ. ಐ-70 ಹೆದ್ದಾರಿ ಹಿಡಿದು ಪಶ್ಚಿಮಕ್ಕೆ, ಯೂಟಾ ಗಡಿಗೆ ಹತ್ತಿರದ ಫ್ರೂಟಾ ಎಂಬ ಊರಿನ ಸ್ಟೇಟ್ ಪಾರ್ಕಿನಲ್ಲಿ ಮೊದಲ ರಾತ್ರಿ ಕಳೆಯುವುದೆಂದು ಯೋಜನೆ. ದೂರ ಸುಮಾರು 260 ಮೈಲಿ, ಅಂದರೆ 420 ಕಿಲೋಮೀಟರ್. ಫೋನಿನ ನಕ್ಷೆ ನಾಲ್ಕೂಕಾಲು ಗಂಟೆ ಎಂದು ತೋರಿಸುತ್ತಿತ್ತು. ನಮಗೆ ಹಿಡಿದದ್ದು 13 ಗಂಟೆ.

ವಾಹನವನ್ನು ಹಿಂದಿನ ದಿನ, ಗುರುವಾರವೇ ತಂದಿದ್ದೆವು. ಮಧ್ಯಾಹ್ನ ಒಂದು ಗಂಟೆಗೆ ಬನ್ನಿ ಎಂದಿದ್ದರು. ಕೈಗೆ ಸಿಕ್ಕಾಗ ನಾಲ್ಕಕ್ಕೆ ಹತ್ತು ನಿಮಿಷವಿತ್ತು. ಹಿಂದಿನವರು ತಡವಾಗಿ ಮರಳಿಸಿದ್ದರಂತೆ. ಅಪ್ಪ ಅಮ್ಮನನ್ನು ಮನೆಯಲ್ಲೇ ಬಿಟ್ಟು ಹೋಗಿದ್ದು ಒಳ್ಳೆಯದಾಯಿತು. ಆ ಶೆಡ್ಡಿನಲ್ಲಿ ಕೂರಲು ಇದ್ದದ್ದು ಎರಡೇ ಕುರ್ಚಿ. ನನ್ನ ಮತ್ತು ಮನೆಯವರ ಚಾಲನಾ ಪರವಾನಗಿ, ಕ್ರೆಡಿಟ್ ಕಾರ್ಡ್, ವಿಮೆಯ ಪತ್ರ ಕೇಳಿದರು. ಇಬ್ಬರೂ ಓಡಿಸುವುದಾದರೆ ಇಬ್ಬರೂ ಎದುರಿಗಿದ್ದು ಸಹಿ ಹಾಕಬೇಕು. ನಮ್ಮ ಕಾರಿನ ವಿಮೆ ಇದಕ್ಕೆ ಅನ್ವಯಿಸುವುದಿಲ್ಲ ಎಂದು ವಿಮೆಯವರು ಫೋನಿನಲ್ಲಿ ಮೊದಲೇ ತಿಳಿಸಿದ್ದರು, ಹಾಗಾಗಿ ಅಲ್ಲಿಯೇ ಬೇರೆ ವಿಮೆ ಕೊಂಡೆವು. ಕಾರ್ಡಿನ ಮೇಲೆ 1,000 ಡಾಲರ್ ಠೇವಣಿ ಹಿಡಿದಿಟ್ಟರು. ಅಷ್ಟು ಮೊತ್ತ ಕಾರ್ಡಿನಲ್ಲಿ ಖಾಲಿ ಇರಬೇಕೆಂಬುದನ್ನು ಯಾರೂ ನೆನಪಿಸುವುದಿಲ್ಲ.

ಒಪ್ಪಂದದ ಹಾಳೆಗಳನ್ನು ದಯವಿಟ್ಟು ಪೂರ್ತಿ ಓದಿ. ಡಾಂಬರಿಲ್ಲದ ರಸ್ತೆಗೆ ಇಳಿದರೆ ವಿಮೆ ಅನ್ವಯಿಸುವುದಿಲ್ಲ ಎಂಬ ಸಾಲು ನಮ್ಮ ಪತ್ರದ ಆರನೆಯ ಪುಟದಲ್ಲಿತ್ತು. ಮರುದಿನ ನಮ್ಮನ್ನು ಕಾಪಾಡಿದ್ದು ಆ ಸಾಲು. ವಾಹನದ ಸುತ್ತ, ಒಳಗೆ, ಚಾವಣಿಯ ಅಂಚು, ಕೆಳಭಾಗ, ಎಲ್ಲವನ್ನೂ ವಿಡಿಯೊ ಮಾಡಿಕೊಳ್ಳಿ. ಊಟದ ಮೇಜಿನ ಪಕ್ಕದ ಒಂದು ಸೀಟ್ ಬೆಲ್ಟ್ ಸಿಕ್ಕಿಹಾಕಿಕೊಂಡಿದ್ದನ್ನು ಮನೆಯವರು ಎಳೆದು ನೋಡಿದ್ದರಿಂದ ಪತ್ತೆಹಚ್ಚಿದೆವು. ಅದನ್ನು ಸರಿಪಡಿಸುವ ತನಕ ನಾವು ಹೊರಡಲಿಲ್ಲ, ಇನ್ನೂ ಅರ್ಧ ಗಂಟೆ ಹೋಯಿತು. ಆರು ವರ್ಷದ ಮಗ ಆ ಸೀಟಿನಲ್ಲಿ ಕೂರುವವನಿದ್ದ.

ಶುಕ್ರವಾರ ಬೆಳಿಗ್ಗೆ ಆರಕ್ಕೆ ಹೊರಡಬೇಕಿತ್ತು, ಏಳಾಯಿತು. ಪಾತ್ರೆಗಳನ್ನು ಜೋಡಿಸಿದ್ದೇ ತಡಕ್ಕೆ ಕಾರಣ. ಮನೆಯ ಅಡುಗೆಮನೆಯಂತೆ ಜೋಡಿಸಿದರೆ ಮೊದಲ ತಿರುವಿನಲ್ಲೇ ಎಲ್ಲವೂ ನೆಲಕ್ಕೆ ಬರುತ್ತವೆ. ತಟ್ಟೆಗಳ ನಡುವೆ ಟವೆಲ್ ಇಡಿ, ಕುಕ್ಕರನ್ನು ಸಿಂಕಿನೊಳಗೆ ಇರಿಸಿ, ಫ್ರಿಜ್ಜಿನ ಚಿಲಕವನ್ನು ಎರಡು ಸಲ ಪರೀಕ್ಷಿಸಿ. ಅಮ್ಮ ನಸುಕಿನಲ್ಲೇ ಎದ್ದು ಚಿತ್ರಾನ್ನ, ಮೊಸರನ್ನ ಮಾಡಿಟ್ಟಿದ್ದರು. ಓಡುವ ವಾಹನದಲ್ಲಿ ಒಲೆ ಹಚ್ಚುವಂತಿಲ್ಲ, ಎದ್ದು ಓಡಾಡುವಂತಿಲ್ಲ, ಶೌಚಾಲಯಕ್ಕೂ ವಾಹನ ನಿಲ್ಲಿಸಿಯೇ ಹೋಗಬೇಕು. ಇದನ್ನು ಹಿರಿಯರಿಗೆ ಮೊದಲೇ ತಿಳಿಸಿಬಿಡಿ. ಮನೆಯಲ್ಲಿ ಕುಳಿತಂತೆ ಇರುತ್ತದೆ ಎಂದು ನಾನು ಹೇಳಿದ್ದರಿಂದ ಅಮ್ಮ ಕಾಫಿ ಮಾಡಿಕೊಡಲು ಎರಡು ಸಲ ಬೆಲ್ಟ್ ಬಿಚ್ಚಿ ಎದ್ದಿದ್ದರು.

ಮೊದಲು ನಾನೇ ಓಡಿಸಿದೆ. ನನ್ನ ಪಕ್ಕದಲ್ಲಿ ಅಪ್ಪ ಕುಳಿತರು. 27 ಅಡಿ ಉದ್ದ, 12 ಅಡಿ ಎತ್ತರ. ಈ ಎರಡು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಕಣ್ಣಿಗೆ ಕಾಣುವಲ್ಲಿ ಅಂಟಿಸಿಕೊಳ್ಳಿ. ಪೆಟ್ರೋಲ್ ಬಂಕಿನ ಚಾವಣಿ, ಹಳೆಯ ಸೇತುವೆ, ಮರದ ಕೊಂಬೆ, ಎಲ್ಲದರ ಕೆಳಗೂ ಆ 12 ನೆನಪಾಗಬೇಕು. ದೊಡ್ಡ ಟ್ರಕ್ಕು ಪಕ್ಕದಲ್ಲಿ ಹಾದುಹೋದಾಗ ಗಾಳಿ ನಮ್ಮನ್ನು ಮೊದಲು ಆಚೆ ತಳ್ಳುತ್ತದೆ, ಮರುಕ್ಷಣವೇ ಈಚೆ ಎಳೆಯುತ್ತದೆ. ಮೊದಲ ಬಾರಿ ಹಾಗಾದಾಗ ನನ್ನ ಎದೆ ಧಸಕ್ಕೆಂದಿತು. ಸ್ಟೀರಿಂಗನ್ನು ಗಟ್ಟಿಯಾಗಿ ಹಿಡಿದಷ್ಟೂ ಹೊಯ್ದಾಟ ಹೆಚ್ಚುತ್ತಿತ್ತು. "ಕೈ ಸಡಿಲ ಬಿಡು ಪುಟ್ಟಿ. ಗಾಡಿ ತಾನೇ ನೇರಕ್ಕೆ ಬರುತ್ತದೆ" ಎಂದರು ಅಪ್ಪ. ನಲವತ್ತು ವರ್ಷ ತೀರ್ಥಹಳ್ಳಿಯ ಕಡೆಯಲ್ಲಿ ಜೀಪು ಓಡಿಸಿ, ಆಗುಂಬೆ ಘಾಟಿಯ 14 ತಿರುವುಗಳನ್ನು ಮಳೆಗಾಲದ ಮಂಜಿನಲ್ಲಿ ಲೆಕ್ಕವಿಲ್ಲದಷ್ಟು ಸಲ ಇಳಿದವರು ಅವರು. ಒಪ್ಪಂದದಲ್ಲಿ ಅವರ ಹೆಸರಿಲ್ಲದ್ದರಿಂದ ಸ್ಟೀರಿಂಗ್ ಮುಟ್ಟುವಂತಿರಲಿಲ್ಲ. ಆದರೂ ಆ ದಿನದ ಅರ್ಧ ಚಾಲನೆ ಅವರದ್ದೇ ಎಂದು ನಾನು ನಂಬುತ್ತೇನೆ.

ಎಂಟರ ಹೊತ್ತಿಗೆ ಫ್ಲಾಯ್ಡ್ ಹಿಲ್ ಬಳಿ ಸಾಲು ನಿಂತಿತು. ಅಲ್ಲಿ 2023ರಿಂದ ಹೆದ್ದಾರಿಯ ದೊಡ್ಡ ಕಾಮಗಾರಿ ನಡೆಯುತ್ತಿದೆ. ನಲವತ್ತು ನಿಮಿಷ ಇಂಚಿಂಚಾಗಿ ಸರಿದೆವು. ಮುಂದೆ ಐಡಾಹೊ ಸ್ಪ್ರಿಂಗ್ಸ್ ಹತ್ತಿರ ಎಡಗಡೆಗೆ ಶುಲ್ಕದ ಎಕ್ಸ್‌ಪ್ರೆಸ್ ಲೇನ್ ಖಾಲಿಯಾಗಿ ಕಂಡಿತು. ಆಸೆ ಪಡಬೇಡಿ; 25 ಅಡಿಗಿಂತ ಉದ್ದದ ವಾಹನಗಳಿಗೆ ಅಲ್ಲಿ ಪ್ರವೇಶವಿಲ್ಲ. ಚೀಟಿಯಲ್ಲಿನ 27 ಆಗ ಉಪಯೋಗಕ್ಕೆ ಬಂತು.

ಜಾರ್ಜ್‌ಟೌನ್ ದಾಟಿದ ಮೇಲೆ ಏರು. ಎಂಜಿನ್ ಗರ್ಜಿಸುತ್ತದೆ, ವೇಗ ಮಾತ್ರ ಗಂಟೆಗೆ 40 ಮೈಲಿಗೆ ಇಳಿಯುತ್ತದೆ. ಹಿಂದಿನವರು ಏನೆಂದುಕೊಳ್ಳುತ್ತಾರೋ ಎಂಬ ಸಂಕೋಚ ಬಿಟ್ಟು ಬಲಗಡೆಯ ಲೇನಿನಲ್ಲಿ ಟ್ರಕ್ಕುಗಳ ಹಿಂದೆ ಸೇರಿಕೊಳ್ಳಿ. ಹತ್ತು ಗಂಟೆಯ ಸುಮಾರಿಗೆ ಐಸೆನ್‌ಹೋವರ್ ಸುರಂಗ ಹೊಕ್ಕೆವು. 1973ರಲ್ಲಿ ತೆರೆದ, 1.7 ಮೈಲಿ ಉದ್ದದ ಈ ಸುರಂಗದ ಪಶ್ಚಿಮದ ಬಾಯಿ ಸಮುದ್ರಮಟ್ಟದಿಂದ 11,158 ಅಡಿ ಮೇಲಿದೆ. ನಮ್ಮ ಮುಳ್ಳಯ್ಯನಗಿರಿಯ ತುದಿಗಿಂತ ಸುಮಾರು 4,800 ಅಡಿ ಹೆಚ್ಚು ಎತ್ತರದಲ್ಲಿ, ಬೆಟ್ಟದ ಹೊಟ್ಟೆಯೊಳಗೆ ಹೋಗುತ್ತಿದ್ದೇವೆ ಎಂದಾಗ ಅಮ್ಮ ಕೈಮುಗಿದರು. ಹಿಂದೆ ಚಿಪ್ಸ್ ಪೊಟ್ಟಣಗಳು ಚೆಂಡಿನಂತೆ ಊದಿಕೊಂಡಿದ್ದವು. ಮಗ ಅವುಗಳನ್ನು ಎಣಿಸುತ್ತಿದ್ದ. ಅಮ್ಮನಿಗೆ ತಲೆನೋವು ಶುರುವಾಯಿತು. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವರಿದ್ದರೆ ಹೊರಡುವ ಮೊದಲು ವೈದ್ಯರನ್ನು ಒಂದು ಮಾತು ಕೇಳಿ, ದಾರಿಯುದ್ದಕ್ಕೂ ನೀರು ಕುಡಿಸುತ್ತಿರಿ. ಕೈಗೆಟುಕುವಲ್ಲೇ ಶೌಚಾಲಯವಿದೆ ಎಂಬ ಧೈರ್ಯಕ್ಕೆ ಅಮ್ಮ ಈ ಸಲ ನೀರು ಕುಡಿದರು. ನನಗೆ ಬೇಕಾಗಿದ್ದದ್ದೂ ಅದೇ.

ಸುರಂಗದ ಆಚೆ ಸುಮಾರು 8 ಮೈಲಿಯಲ್ಲಿ ರಸ್ತೆ ಎರಡು ಸಾವಿರಕ್ಕೂ ಹೆಚ್ಚು ಅಡಿ ಇಳಿಯುತ್ತದೆ. ಇಡೀ ದಿನದಲ್ಲಿ ನನಗೆ ಅತಿ ಹೆಚ್ಚು ಭಯವಾದದ್ದು ಇಲ್ಲಿ. ಏರುವಾಗ ನಿಧಾನವಾಗಿದ್ದ ವಾಹನ ಈಗ ತಾನಾಗಿ ಓಡುತ್ತದೆ. ಬ್ರೇಕ್ ಒತ್ತುತ್ತಲೇ ಇದ್ದರೆ ಅದು ಕಾಯ್ದು ಹಿಡಿತ ಕಳೆದುಕೊಳ್ಳುತ್ತದೆ. ಬಲಗಡೆ ಗುಡ್ಡದ ಮೇಲಕ್ಕೆ ಹತ್ತುವ ಜಲ್ಲಿ ತುಂಬಿದ ಒಂದು ಕವಲುರಸ್ತೆ ಕಂಡಿತು. ಅದು ಯಾವ ಊರಿಗೆ ಹೋಗುತ್ತದೆ ಎಂದು ಅಮ್ಮ ಕೇಳಿದರು. ಬ್ರೇಕ್ ವಿಫಲವಾದ ಟ್ರಕ್ಕುಗಳು ನುಗ್ಗಿ ನಿಲ್ಲುವುದಕ್ಕೆಂದೇ ಮಾಡಿದ ದಾರಿ ಎಂದು ನಾನು ಹೇಳಲಿಲ್ಲ.

"ಹತ್ತಿದ ಗೇರಿನಲ್ಲೇ ಇಳಿಯಬೇಕು. ಇದಕ್ಕೆ ಗೇರು ಎಲ್ಲಿದೆ?" ಅಪ್ಪ ಕೇಳಿದರು. ಗೇರು ತಾನೇ ಬದಲಾಗುವ ವಾಹನ ಎಂದೆ. "ಆದರೂ ತಗ್ಗಿಸಲು ಏನಾದರೂ ಇಟ್ಟೇ ಇರುತ್ತಾರೆ. ನೋಡು." ಇತ್ತು. ಗೇರಿನ ಹಿಡಿಯ ತುದಿಯಲ್ಲಿ ಟೋ-ಹಾಲ್ ಎಂಬ ಗುಂಡಿ. ವಾಹನ ಕೊಡುವಾಗ ಅದರ ಬಗ್ಗೆ ಯಾರೂ ಒಂದು ಮಾತು ಹೇಳಿರಲಿಲ್ಲ. ಒತ್ತಿದೊಡನೆ ಎಂಜಿನ್ ತಾನೇ ವಾಹನವನ್ನು ಹಿಡಿದುಕೊಂಡಿತು. ಆಮೇಲೆ ಬ್ರೇಕನ್ನು ಒಮ್ಮೆ ದೃಢವಾಗಿ ಒತ್ತಿ ವೇಗ ಇಳಿಸುವುದು, ಪೂರ್ತಿ ಬಿಡುವುದು, ಮತ್ತೆ ಒತ್ತುವುದು, ಹೀಗೆ ಕೆಳಗಿನ ಡಿಲನ್ ತನಕ ಬಂದೆವು. ಬಾಡಿಗೆಗೆ ತೆಗೆದುಕೊಳ್ಳುವಾಗ ಈ ಗುಂಡಿ ಎಲ್ಲಿದೆ ಎಂದು ಕೇಳಿ, ಸಮತಟ್ಟು ರಸ್ತೆಯಲ್ಲಿ ಒಮ್ಮೆ ಒತ್ತಿ ನೋಡಿ. ನಾನು ಬರೆದುದರಲ್ಲಿ ಒಂದನ್ನೇ ನೆನಪಿಡುವುದಾದರೆ ಇದನ್ನು ನೆನಪಿಡಿ.

ಡಿಲನ್ ಜಲಾಶಯದ ದಡದಲ್ಲಿ ನಿಲ್ಲಿಸಿ ಚಿತ್ರಾನ್ನ ತಿಂದೆವು. ನನ್ನ ಬೆರಳುಗಳು ಮಡಚಿದ್ದ ಹಾಗೆಯೇ ಇದ್ದವು, ಚಮಚ ಹಿಡಿಯಲಾಗಲಿಲ್ಲ. ಅಮ್ಮ ಮಾತಿಲ್ಲದೆ ತುತ್ತು ಮಾಡಿ ಕೊಟ್ಟರು. ಅಲ್ಲಿಂದ ಮನೆಯವರು ಓಡಿಸಿದರು. ವೇಲ್ ಪಾಸ್ ಎಂಬ ಇನ್ನೊಂದು ಕಣಿವೆಮಾರ್ಗ, ಇನ್ನೊಂದು ಕಡಿದಾದ ಇಳಿಜಾರು. ಗುಂಡಿಯ ಗುಟ್ಟು ತಿಳಿದಿದ್ದರಿಂದ ಅದು ಸಲೀಸಾಯಿತು.

ಒಂದೂವರೆಗೆ ಜಿಪ್ಸಮ್ ಊರಿನ ಹತ್ತಿರ ಹೆದ್ದಾರಿಯ ಮೇಲಿನ ಫಲಕ ಹೊಳೆಯಿತು: ಮುಂದೆ ಗ್ಲೆನ್‌ವುಡ್ ಕಣಿವೆಯಲ್ಲಿ ಹಠಾತ್ ಪ್ರವಾಹದ ಎಚ್ಚರಿಕೆ, ಐ-70 ಮುಚ್ಚಲಾಗಿದೆ.

ಈ ಕಣಿವೆಯ ಕಥೆಯನ್ನು ಸ್ವಲ್ಪ ಹೇಳಬೇಕು. ಸುಮಾರು 12 ಮೈಲಿ ಉದ್ದಕ್ಕೂ ಕೊಲರಾಡೊ ನದಿ, ರೈಲು ಹಳಿ, ಹೆದ್ದಾರಿ ಮೂರೂ ಕಡಿದಾದ ಬಂಡೆಗಳ ನಡುವೆ ಒತ್ತಾಗಿ ಸಾಗುತ್ತವೆ. ಇಲ್ಲಿನ ಹೆದ್ದಾರಿ ಪೂರ್ಣಗೊಂಡದ್ದು 1992ರಲ್ಲಿ. 2020ರ ಕಾಳ್ಗಿಚ್ಚಿನಲ್ಲಿ ಮೇಲಿನ ಗುಡ್ಡಗಳ ಗಿಡಮರಗಳು ಸುಟ್ಟುಹೋದವು. ಮರುವರ್ಷದ ಬೇಸಿಗೆಯ ಮಳೆಗೆ ಮಣ್ಣು, ಬಂಡೆ ರಸ್ತೆಗೆ ಕುಸಿದು ಎರಡು ವಾರಕ್ಕೂ ಹೆಚ್ಚು ಕಾಲ ಹೆದ್ದಾರಿ ಮುಚ್ಚಿತ್ತು. ಮಲೆನಾಡಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. "ನಮ್ಮ ಘಾಟಿಯ ಹಾಗೆಯೇ. ಬೇರು ಹೋದರೆ ಮಣ್ಣು ನಿಲ್ಲುವುದಿಲ್ಲ" ಎಂದರು ಅಪ್ಪ. ಜುಲೈ, ಆಗಸ್ಟ್‌ಗಳಲ್ಲಿ ಇಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಮಳೆ ಸಾಮಾನ್ಯ. ಬೆಳಗಿನ ಹೊತ್ತಿಗೆ ಕಣಿವೆ ದಾಟುವಂತೆ ಹೊರಡುವುದು ಜಾಣತನ. ನಮ್ಮ ಒಂದು ಗಂಟೆಯ ತಡ, ಫ್ಲಾಯ್ಡ್ ಹಿಲ್‌ನ ನಲವತ್ತು ನಿಮಿಷ ಎರಡೂ ಸೇರಿ ನಮ್ಮನ್ನು ಸರಿಯಾಗಿ ಆ ಮಳೆಯ ಬಾಯಿಗೆ ತಂದು ನಿಲ್ಲಿಸಿದ್ದವು.

ಹೆದ್ದಾರಿಯಿಂದಿಳಿದು ಒಂದು ಅಂಗಡಿಯ ದೊಡ್ಡ ಅಂಗಳದಲ್ಲಿ ಅನುಮತಿ ಕೇಳಿ ನಿಲ್ಲಿಸಿದೆವು. ಅಷ್ಟರಲ್ಲಿ ಫೋನು ಹೊಸ ದಾರಿ ತೋರಿಸಿತು: ಕಾಟನ್‌ವುಡ್ ಪಾಸ್ ಮೂಲಕ ಗ್ಲೆನ್‌ವುಡ್ ಸ್ಪ್ರಿಂಗ್ಸ್. ಕಣ್ಣೆದುರೇ ಹತ್ತಾರು ಕಾರುಗಳು ಆ ಕಡೆ ತಿರುಗಿದವು. "ಹೋಗಿಬಿಡೋಣ, ಕತ್ತಲಾಗುವ ಮೊದಲು ತಲುಪಬಹುದು" ಎಂದರು ಮನೆಯವರು. ನನಗೂ ಮನಸ್ಸಾಗಿತ್ತು. ಅಪ್ಪ ಫೋನು ತೆಗೆದುಕೊಂಡು ಆ ರಸ್ತೆಯ ಚಿತ್ರಗಳನ್ನು ಹಿಗ್ಗಿಸಿ ನೋಡಿದರು. "ಎದುರಿಗೆ ಇಂಥದ್ದೇ ಒಂದು ಗಾಡಿ ಬಂದರೆ ಹಿಂದಕ್ಕೆ ಹೋಗುವವರು ಯಾರು?" ಎಂದು ಕೇಳಿದರು. ಕಿರಿದಾದ ರಸ್ತೆ, ಒಂದು ಬದಿಗೆ ಪ್ರಪಾತ, ನಡುವೆ ಡಾಂಬರಿಲ್ಲದ ಭಾಗ. ಆರನೆಯ ಪುಟದ ಸಾಲು ನೆನಪಾಯಿತು. ಅಲ್ಲಿಗೆ ಮಾತು ಮುಗಿಯಿತು. ಇನ್ನೊಂದು ದಾರಿಯಾದ ಇಂಡಿಪೆಂಡೆನ್ಸ್ ಪಾಸ್‌ನಲ್ಲಿ 35 ಅಡಿ ಮೀರಿದ ವಾಹನಗಳಿಗೆ ನಿಷೇಧವೇ ಇದೆ; ಅದಕ್ಕಿಂತ ಚಿಕ್ಕದಾದರೂ ಆರ್‌ವಿಯಲ್ಲಿ ಆ ಕಡೆ ಹೋಗಬೇಡಿ. ನಕ್ಷೆಯ ಆ್ಯಪ್ ನಿಮ್ಮದನ್ನು ಕಾರು ಎಂದೇ ಭಾವಿಸಿ ದಾರಿ ಹೇಳುತ್ತದೆ. ರಾಜ್ಯದ ಸಾರಿಗೆ ಇಲಾಖೆಯ ಕೋಟ್ರಿಪ್ ಜಾಲತಾಣದಲ್ಲಿ ರಸ್ತೆ ಮುಚ್ಚಿದ, ತೆರೆದ ಮಾಹಿತಿ ಸಿಗುತ್ತದೆ. ಅದನ್ನು ನೋಡುತ್ತಾ ಕಾಯಿರಿ.

ಮೂರು ಗಂಟೆ ಕಾದೆವು. ಸೆಕೆಗೆ ಜನರೇಟರ್ ಹಾಕಿ ಎಸಿ ನಡೆಸಿದೆವು; ಅದಕ್ಕೆ ಗಂಟೆಗೆ 5 ಡಾಲರ್ ಬೇರೆ. ಅಮ್ಮ ಬೆಳಗಿನಿಂದ ಕಾಯುತ್ತಿದ್ದ ಗಳಿಗೆ ಬಂದಿತ್ತು. ಅನಿಲದ ಕವಾಟ ತೆರೆದು, ಚಾವಣಿಯ ಕಿಂಡಿ ಎತ್ತಿ, ಹಾಲು ಕಾಯಿಸಿ, ಊರಿನಿಂದ ತಂದ ಪುಡಿಯ ಡಿಕಾಕ್ಷನ್ ಬೆರೆಸಿದರು. ಪಕ್ಕದ ಕಾರಿನಲ್ಲಿ ಒಬ್ಬ ಯುವತಿ ಪುಟ್ಟ ಮಗಳೊಂದಿಗೆ ಒಬ್ಬಳೇ ಕಾಯುತ್ತಿದ್ದಳು. ಅಂಗಡಿಯ ಶೌಚಾಲಯದ ಮುಂದೆ ಉದ್ದದ ಸಾಲಿತ್ತು, ಮಗು ಅಳುತ್ತಿತ್ತು. ಅಮ್ಮನಿಗೆ ಇಂಗ್ಲಿಷ್ ಬರುವುದಿಲ್ಲ. ಬಾಗಿಲು ತೆರೆದು, ಮಗುವಿನ ಕಡೆ ಕೈ ತೋರಿಸಿ, ಒಳಗೆ ಬಾ ಎಂದು ಕರೆದರು. ಆ ಹುಡುಗಿ ಹೋಗುವಾಗ ಅಮ್ಮನನ್ನು ತಬ್ಬಿಕೊಂಡಳು. ಹಿಂದಿನ ಪ್ರಯಾಣದಲ್ಲಿ ನೀರು ಕುಡಿಯಲು ಹೆದರಿದ್ದ ಅಮ್ಮ ಇವರೇ ಎಂದು ನೋಡುತ್ತಾ ನನ್ನ ಕಣ್ಣು ತುಂಬಿತು.

ಐದಕ್ಕೆ ಸ್ವಲ್ಪ ಮೊದಲು ರಸ್ತೆ ತೆರೆಯಿತು. ನದಿ ಕೆಂಪಾಗಿ ತುಂಬಿ ಹರಿಯುತ್ತಿತ್ತು. ಹೋಗುವ ರಸ್ತೆ ಬಂಡೆಯ ಅಂಚಿನಲ್ಲಿ ಮೇಲೆ, ಬರುವ ರಸ್ತೆ ನದಿಯ ಪಕ್ಕ ಕೆಳಗೆ. ಬಂಡೆಗಳಿಂದ ಅಲ್ಲಲ್ಲಿ ನೀರು ಇನ್ನೂ ಧುಮುಕುತ್ತಿತ್ತು. ಯಾರೂ ಮಾತನಾಡಲಿಲ್ಲ.

ರೈಫಲ್ ಎಂಬ ಊರಿನಲ್ಲಿ ಇಂಧನ. ಇಲ್ಲಿ ಎರಡು ಎಚ್ಚರಿಕೆ. ದೊಡ್ಡ ಬಂಕುಗಳಲ್ಲಿ ಟ್ರಕ್ಕುಗಳ ವಿಶಾಲ ಸಾಲು ಕಂಡು ಅಲ್ಲಿಗೆ ಹೋದೆವು. ಅಲ್ಲಿ ಸಿಗುವುದು ಡೀಸೆಲ್ ಮಾತ್ರ. ನಮ್ಮದು ಪೆಟ್ರೋಲ್ ವಾಹನ. ಮತ್ತೆ ಸುತ್ತಿ ಬಂದು ಕಾರುಗಳ ಸಾಲಿನ ಅಂಚಿನ ಪಂಪಿಗೆ ನಿಲ್ಲಿಸಿದೆವು. ತಿರುಗಿಸುವಾಗ ವಾಹನದ ಹಿಂಭಾಗ ಎದುರು ದಿಕ್ಕಿಗೆ ಬೀಸುತ್ತದೆ, ಹಾಗಾಗಿ ಒಬ್ಬರು ಕೆಳಗಿಳಿದು ನೋಡುತ್ತಿರಲೇಬೇಕು. ಎರಡನೆಯದು, ಕಾರ್ಡ್ ಹಾಕಿದ ಪಂಪು 100 ಡಾಲರ್‌ಗೆ ತಾನೇ ನಿಂತಿತು. ಗಾಬರಿಯಾಗಬೇಡಿ, ಮತ್ತೊಮ್ಮೆ ಕಾರ್ಡ್ ಹಾಕಿದರೆ ಮುಂದುವರಿಯುತ್ತದೆ. ಇಂಧನ ತುಂಬುವ ಮೊದಲು ಅನಿಲದ ಕವಾಟ ಮುಚ್ಚಲು ಮರೆಯಬೇಡಿ. ಒಂದು ಗ್ಯಾಲನ್‌ಗೆ ಸುಮಾರು 8 ಮೈಲಿ ಬಂತು. ಆ ದಿನದ ಲೆಕ್ಕ: ಇಂಧನಕ್ಕೆ ಸುಮಾರು 112 ಡಾಲರ್, ವಾಹನದ ಬಾಡಿಗೆ ವಿಮೆ ಸೇರಿ 215, ಓಡಿಸಿದ ಮೈಲಿಗಳಿಗೆ ಬಾಡಿಗೆಯವರು ಹಾಕುವ ಶುಲ್ಕ 117, ಜನರೇಟರ್‌ಗೆ 15. ತಂಗುವ ಜಾಗದ ಶುಲ್ಕ ಇದಕ್ಕೆ ಸೇರಿಲ್ಲ. ಸ್ಟೇಟ್ ಪಾರ್ಕಿನಲ್ಲಿ ಅದರ ಮೇಲೆ ದಿನದ ಪ್ರವೇಶ ಪಾಸ್ ಕೂಡ ಬೇಕು. ನಮ್ಮ ಕಾರಿನ ನೋಂದಣಿಯೊಂದಿಗೆ ವಾರ್ಷಿಕ ಪಾಸ್ ಇತ್ತು, ಆದರೆ ಅದು ಆ ಕಾರಿಗೆ ಮಾತ್ರ, ಬಾಡಿಗೆ ವಾಹನಕ್ಕೆ ಸಲ್ಲುವುದಿಲ್ಲ.

ಪ್ಯಾಲಿಸೇಡ್‌ನ ಪೀಚ್ ತೋಟಗಳನ್ನು ಅಪ್ಪನಿಗೆ ತೋರಿಸುವ ಆಸೆ ಇತ್ತು. ಬಿಸಿಲು ಇಳಿದಿತ್ತು, ನಿಲ್ಲಿಸಲಿಲ್ಲ.

ಎಂಟಕ್ಕೆ ಫ್ರೂಟಾ ತಲುಪಿದೆವು. ಕಚೇರಿಯಲ್ಲಿ ಯಾರೂ ಇರಲಿಲ್ಲ. ಕಾದಿರಿಸಿದ ಜಾಗದ ಸಂಖ್ಯೆ ಹಿಡಿದು ನಾವೇ ಹುಡುಕಿಕೊಂಡೆವು. ಮಬ್ಬುಗತ್ತಲಲ್ಲಿ ವಿದ್ಯುತ್ತಿನ ದಪ್ಪ ಕೇಬಲ್, ನೀರಿನ ಕೊಳವೆ, ಕೊಳಚೆಯ ಕೊಳವೆ ಜೋಡಿಸಲು ಮುಕ್ಕಾಲು ಗಂಟೆ ಬೇಕಾಯಿತು. ಟಾರ್ಚ್ ಮತ್ತು ಬಿಸಾಡುವ ಕೈಗವಸು ಮನೆಯಿಂದಲೇ ಒಯ್ಯಿರಿ. ಶೌಚಾಲಯದ ತೊಟ್ಟಿಯ ಕವಾಟವನ್ನು ರಾತ್ರಿಯಿಡೀ ತೆರೆದಿಡಬಾರದು. ಮರುದಿನ ಹೊರಡುವಾಗ ಮೊದಲು ಅದನ್ನು ಖಾಲಿ ಮಾಡಿ, ಆಮೇಲೆ ಸ್ನಾನ ಮತ್ತು ಪಾತ್ರೆಯ ನೀರಿನ ತೊಟ್ಟಿಯನ್ನು ಬಿಟ್ಟರೆ ಕೊಳವೆ ತೊಳೆದುಹೋಗುತ್ತದೆ.

ಅಮ್ಮ ಮೊಸರನ್ನ ಬಡಿಸಿ, ಮಗನನ್ನು ಮಲಗಿಸಿದರು. ನಾನು ಹೊರಗೆ ಬಂದಾಗ ಅಪ್ಪ ಟಾರ್ಚ್ ಹಿಡಿದು ವಾಹನದ ಸುತ್ತ ನಡೆಯುತ್ತಿದ್ದರು. ಮುಂದಿನ ಎರಡು, ಹಿಂದಿನ ಜೋಡಿ ಜೋಡಿ ನಾಲ್ಕು, ಒಟ್ಟು ಆರು ಟಯರುಗಳ ಮೇಲೂ ಒಂದೊಂದಾಗಿ ಅಂಗೈ ಇಟ್ಟು ನೋಡಿದರು. ನಾನು ಚಿಕ್ಕವಳಿದ್ದಾಗ ಘಾಟಿ ಹತ್ತಿ ಮನೆಗೆ ಬಂದ ರಾತ್ರಿಗಳಲ್ಲಿ ಜೀಪಿಗೂ ಹೀಗೆಯೇ ಮಾಡುತ್ತಿದ್ದರು.

"ಬಿಸಿ ಇಳಿದಿದೆ. ಹೋಗಿ ಮಲಗು ಪುಟ್ಟಿ" ಎಂದರು.